“ನೀನು ಎಡವೋ ಬಲವೋ?” ಎಂದು ಕೇಳುವವರಿಗೆ

ಶಿರಸಿಯಲ್ಲಿ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಇದೇ ಪ್ರಶ್ನೆ, ಸೊಸೈಟಿಗೆ ಅಡಿಕೆ ಹಾಕಲು ಹೋದರೂ ಇದೇ ಪ್ರಶ್ನೆ. “ಅಲ್ಲ ಮಾರಾಯ, ನೀನು ಎಡವೋ ಬಲವೋ? ಒಂದು ಸಲ ಹೇಳಿಬಿಡು.” ಕೇಳುವವರು ಹೆಚ್ಚಾಗಿ ನನ್ನ ಆಪ್ತರೇ. ನಾನು ಒಂದು ಹೆಸರು ಹೇಳಿಬಿಟ್ಟರೆ ಅವರಿಗೆ ನಿರಾಳ. ಆಮೇಲೆ ಅಡಿಕೆ ದರದಿಂದ ಹಿಡಿದು ಅಣುಸ್ಥಾವರದವರೆಗೆ ನಾನು ಏನು ಹೇಳಬಹುದು ಎಂದು ಅವರೇ ಊಹಿಸಿಕೊಳ್ಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ಬೇಡ್ತಿ-ವರದಾ ಜೋಡಣೆಯನ್ನೇ ತೆಗೆದುಕೊಳ್ಳಿ. ಬೇಡ್ತಿ ಕೊಳ್ಳದ ಹಳ್ಳಗಳ ನೀರನ್ನು ವರದಾ ನದಿಗೆ ತಿರುಗಿಸಿ ಬಯಲುಸೀಮೆಗೆ ಕೊಡುವ ಯೋಜನೆ ಅದು. ನಾನು ಬೇಡ ಎನ್ನುವವನು. ಹಾಗೆಂದಾಗ ಒಬ್ಬರು “ಓ, ನೀನು ಎಡಪಂಥೀಯ, ನಿಮಗೆಲ್ಲ ಅಭಿವೃದ್ಧಿ ಅಂದರೆ ಆಗಿಬರುವುದಿಲ್ಲ” ಎಂದರು. ಈ ಹೋರಾಟಕ್ಕೆ ಸ್ವರ್ಣವಲ್ಲಿ ಸ್ವಾಮೀಜಿಯವರ ನೇತೃತ್ವ ಇರುವುದನ್ನು ಕಂಡು ಇನ್ನೊಬ್ಬರು “ಹಾಗಾದರೆ ನೀನು ಮಠದ ಕಡೆಯವನು, ಬಲ” ಎಂದು ತೀರ್ಮಾನಿಸಿದರು. ನಾನು ಆಡಿದ್ದು ಒಂದೇ ಮಾತು, ಸಿಕ್ಕಿದ್ದು ಎರಡು ಹಣೆಪಟ್ಟಿ. ಬೇಸಿಗೆಯಲ್ಲಿ ಆ ಹಳ್ಳಗಳಲ್ಲಿ ಎಷ್ಟು ನೀರು ಉಳಿದಿರುತ್ತದೆ, ಎಷ್ಟು ಕಾಡು ಹೋಗುತ್ತದೆ, ಕೆಳಗೆ ಇದೇ ಬೇಡ್ತಿ ಗಂಗಾವಳಿಯಾಗಿ ಸಮುದ್ರ ಸೇರುವಲ್ಲಿ ಉಪ್ಪುನೀರು ಮೇಲೇರಿದರೆ ದಂಡೆಯ ಗದ್ದೆಗಳ ಗತಿ ಏನು ಎಂದು ಇಬ್ಬರೂ ಕೇಳಲಿಲ್ಲ.

ಕೇಳಿದ್ದು ಹಾವೇರಿ ಕಡೆಯ ಒಬ್ಬ ರೈತರು. “ನಿಮ್ಮಲ್ಲಿ ಬಿದ್ದ ಮಳಿ ಎಲ್ಲಾ ಸಮುದ್ರ ಸೇರತೈತಿ, ನಮ್ಮ ಹೊಲ ಒಣಗತಾವು. ಒಂದೀಟು ನೀರು ಕೊಟ್ರ ನಿಮಗೇನ್ ಕಡಿಮಿ ಆಕೈತ್ರಿ?” ಸಿಟ್ಟಿನಿಂದಲೇ ಕೇಳಿದರು. ಆದರೆ ಅದು ನಿಜವಾದ ಪ್ರಶ್ನೆ. ಉತ್ತರಿಸಲು ನಾನು ಯೋಚಿಸಲೇಬೇಕಾಯಿತು. ಮಳೆಗಾಲದ ಹೊಳೆ ನೋಡಿ ಲೆಕ್ಕ ಹಾಕಬೇಡಿ, ಏಪ್ರಿಲ್‌ನಲ್ಲಿ ನಮ್ಮ ತೋಟಗಳಿಗೂ ನೀರು ಸಾಲುವುದಿಲ್ಲ ಎಂದೆ. ನಿಮ್ಮ ಕೆರೆಗಳ ಹೂಳು ತೆಗೆಯುವ ಕೆಲಸ ಮೊದಲು ಆಗಲಿ ಎಂದೆ. ಅವರು ಒಪ್ಪಲಿಲ್ಲ. ಆದರೂ ಚಾ ಮುಗಿದ ಮೇಲೂ ಎಷ್ಟೋ ಹೊತ್ತು ಮಾತಾಡಿದೆವು. ಅವರ ಸಂಕಟ ನನಗೆ ಮೊದಲಿಗಿಂತ ಜಾಸ್ತಿ ಅರ್ಥವಾಯಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಿರಿಯರಿಗೂ ಈ ಪಟ್ಟಿಗಳು ಸರಿಯಾಗಿ ಹೊಂದುವುದಿಲ್ಲ. ಅಂಕೋಲೆಯ ದಿನಕರ ದೇಸಾಯಿ ಗೇಣಿ ರೈತರನ್ನು ಒಟ್ಟುಗೂಡಿಸಿದರು. ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅಷ್ಟನ್ನೇ ನೋಡಿ ‘ಎಡ’ ಎಂದು ಬರೆದು ಮುಗಿಸಿದರೆ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿ ಮಕ್ಕಳಿಗೆ ಶಾಲೆ ಕೊಟ್ಟ ದೇಸಾಯಿ ಎಲ್ಲಿ ಹೋದರು? ಸಾಲು ಸಾಲು ಚುಟುಕ ಬರೆದ ಕವಿ ಎಲ್ಲಿ? 1967ರಲ್ಲಿ ಅವರು ಲೋಕಸಭೆಗೆ ಗೆದ್ದದ್ದೂ ಪಕ್ಷೇತರರಾಗಿಯೇ. ತುರ್ತು ಪರಿಸ್ಥಿತಿ ವಿರೋಧಿಸಿ ಪದ್ಮಭೂಷಣ ಮರಳಿಸಿದ ಶಿವರಾಮ ಕಾರಂತರು, 1989ರಲ್ಲಿ ಕೈಗಾ ಅಣುಸ್ಥಾವರ ಬೇಡ ಎಂದು ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತು ಸೋತರು. ಅವರನ್ನು ಯಾವ ಬದಿಗೆ ಹಾಕುತ್ತೀರಿ?

1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಬಿಡುವುದಿಲ್ಲ ಎಂದು ಮರ ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ತೋಟದವರಿಗೆ ಅದರಲ್ಲಿ ಸ್ವಂತದ ಲಾಭವೂ ಇತ್ತು. ಬೆಟ್ಟದ ಸೊಪ್ಪಿಲ್ಲದಿದ್ದರೆ ಅಡಿಕೆ ಮರದ ಬುಡಕ್ಕೆ ಗೊಬ್ಬರವಿಲ್ಲ, ಕಾಡು ಹೋದರೆ ತೋಟಕ್ಕೆ ನೀರಿಲ್ಲ. ಕಾಡಿನ ಮೇಲೆ ಪ್ರೀತಿಯೂ ಇತ್ತು. ಎರಡೂ ನಿಜ, ಒಬ್ಬನೇ ಮನುಷ್ಯನಲ್ಲಿ.

ನಮ್ಮವರಿಗೆ ಕೇಳಿಸಿಕೊಳ್ಳಲು ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಇವತ್ತು ಕೃಷ್ಣನ ಅರ್ಥ ಹೇಳಿದವರು ಮುಂದಿನ ವಾರ ಕೌರವನ ಪರ ವಾದಿಸುತ್ತಾರೆ. ಎರಡೂ ದಿನ ನಿದ್ದೆಗೆಟ್ಟು ಕೂತು ಕೇಳುತ್ತೇವೆ. ಕೌರವನ ಮಾತಿನಲ್ಲಿ ಹುರುಳಿದ್ದರೆ ತಲೆದೂಗುತ್ತೇವೆ, ಅಲ್ವಾ? ಅಷ್ಟು ತಾಳ್ಮೆ ಇರುವ ಜನ ನಾವು. ಪಕ್ಕದ ಮನೆಯವರ ಮಾತಿಗೂ ಅದು ಸಿಗಬೇಕು.

ಚುನಾವಣೆಗೆ ನಿಂತವರ ವಿಷಯ ಬೇರೆ. ಅವರು ತಮ್ಮ ಪಕ್ಷ, ತಮ್ಮ ನಿಲುವು ಎಲ್ಲವನ್ನೂ ಬಿಚ್ಚಿ ಹೇಳಲೇಬೇಕು. ನಾನು ಸುಮ್ನೆ ನಡುವೆ ನಿಂತವನು ಎಂದೂ ತಿಳಿಯಬೇಡಿ. ನನ್ನ ಅಭಿಪ್ರಾಯಗಳು ಗಟ್ಟಿಯಾಗಿಯೇ ಇವೆ. ಅಡಿಕೆ ಆಮದಿಗೆ ಕಡಿವಾಣ ಬೇಕು. 1974ರ ಭೂಸುಧಾರಣೆ ಒಳ್ಳೆಯದೇ ಆಯಿತು, ನಮ್ಮ ಮನೆತನದ ಗದ್ದೆ ಗೇಣಿದಾರರಿಗೆ ಹೋಗಿದ್ದರೂ. ಕಾಡಂಚಿನಲ್ಲಿ ತುಂಡು ಭೂಮಿ ಮಾಡಿಕೊಂಡ ಬಡವರಿಗೆ ಪಟ್ಟಾ ಸಿಗಬೇಕು. ಮಾರಿಕಾಂಬೆಗೆ ಉಡಿ ತುಂಬುವುದನ್ನು ನಮ್ಮ ಮನೆಯಲ್ಲಿ ತಪ್ಪಿಸಿಲ್ಲ, ತಪ್ಪಿಸುವುದೂ ಇಲ್ಲ. ಬೇಡ್ತಿಯನ್ನು ತಿರುಗಿಸಬಾರದು. ಇವುಗಳಲ್ಲಿ ಯಾವುದು ತಪ್ಪು ಅನ್ನಿಸುತ್ತದೋ ಅದನ್ನು ಹಿಡಿದುಕೊಂಡು ವಾದಕ್ಕೆ ಬನ್ನಿ. ನಾನು ಮನೆಯಲ್ಲೇ ಇರುತ್ತೇನೆ.