ಒಂದೇ ಕ್ಯಾಮೆರಾದಲ್ಲಿ ಎರಡು ಸಲ ತೆಗೆದರೆ ಆಗುವುದಿಲ್ಲವೇ?

ಆಳ ಕಾಣುವ ಜೋಡಿಚಿತ್ರ ತೆಗೆಯಲು ಎರಡು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ ಹುಬ್ಬಳ್ಳಿಯಲ್ಲಿ ಯಾರಾದರೂ ನಿಲ್ಲಿಸಿ ಕೇಳೇ ಕೇಳುತ್ತಾರೆ. "ಅಲ್ರೀ, ಎರಡೂ ಫೋಟೋ ಒಂದ ನಮೂನಿ ಅದಾವು. ಒಂದ ಕ್ಯಾಮೆರಾದಾಗ ಎರಡ ಸಲ ತಗದ್ರ ಆಗೂದಿಲ್ಲೇನ್ರೀ?"

ಆಗುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿ ಎಂಬ ಹಳೇ ಮೆಟ್ಟಿಲುಬಾವಿಯ ಚಿತ್ರ ನಾನು ತೆಗೆದದ್ದೇ ಹಾಗೆ. ಎಡಗಾಲ ಮೇಲೆ ಭಾರ ಹಾಕಿ ಒಂದು, ಪಾದ ಎತ್ತದೆ ಬಲಗಾಲ ಮೇಲೆ ವಾಲಿ ಇನ್ನೊಂದು. ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಅದರಿಂದಲೇ ಎರಡೂ ಕಣ್ಣಿಗೆ ಬೀಳುವ ಚಿತ್ರ ಕೊಂಚ ಬೇರೆ, ಆ ಬೇರೆತನದಿಂದಲೇ ಮಿದುಳು ಆಳ ಅಳೆಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ ಇದನ್ನು ತೋರಿಸಿದ್ದು 1838ರಲ್ಲಿ, ಕೈಯಿಂದ ಬರೆದ ಗೆರೆಚಿತ್ರಗಳ ಜೋಡಿಯಿಂದ. ಫೋಟೋಗ್ರಫಿ ಲೋಕಕ್ಕೆ ಗೊತ್ತಾದದ್ದು ಅದರ ಮರುವರ್ಷ. ಮುಸುಕಿನ ಬಾವಿಯ ಜೋಡಿಚಿತ್ರವನ್ನು, ಒಂದೊಂದು ಕಣ್ಣಿಗೆ ಒಂದೊಂದೇ ಚಿತ್ರ ತೋರಿಸುವ ಎರಡು ಮಸೂರದ ಡಬ್ಬಿಯಲ್ಲಿಟ್ಟು ನೋಡಿದರೆ ಮೆಟ್ಟಿಲು ಒಂದೊಂದೇ ಕೆಳಗಿಳಿಯುತ್ತವೆ. ಕಲ್ಲು ಅಲುಗುವುದಿಲ್ಲ, ಹಾಗಾಗಿ ಎರಡನೇ ಚಿತ್ರ ಅರ್ಧ ಗಂಟೆ ತಡವಾಗಿ ತೆಗೆದರೂ, ನೆರಳು ಸರಿದಿರದಿದ್ದರೆ ಸಾಕು.

ನನಗೆ ಬೇಕಾಗಿದ್ದು ಅಲುಗುವ ವಸ್ತು. ಗದಗ ಕಡೆ ಸೋದರಮಾವನ ಹೊಲದಲ್ಲಿ ಜೋಳದ ರಾಶಿ. ಮಾವನ ಹೆಂಡತಿ, ನಮ್ಮ ಅತ್ತಿ, ಎತ್ತರದಲ್ಲಿ ನಿಂತು ಬುಟ್ಟಿಯಿಂದ ತೂರುವಾಗ, ಸಂಜೆ ಬಿಸಿಲು ಹಿಂದಿನಿಂದ ಬಿದ್ದರೆ ಕಾಳು ನೇರ ಇಳಿಯುತ್ತದೆ, ಹೊಟ್ಟು ಗಾಳಿಗೆ ಅಡ್ಡ ಹಾರುತ್ತದೆ. ಒಂದು ಫೋಟೋದಲ್ಲಿ ಅದು ಬರೀ ಚುಕ್ಕೆಗಳ ಪರದೆ. ಯಾವ ಚುಕ್ಕೆ ಮುಂದೆ, ಯಾವುದು ಹಿಂದೆ ಎಂದು ಕಾಣಬೇಕಾದರೆ ಎರಡು ಚಿತ್ರವೂ ಒಂದೇ ಕ್ಷಣದಲ್ಲಿ ಆಗಬೇಕು. ಎರಡು ಕ್ಯಾಮೆರಾ ಕಟ್ಟಿದ್ದು ಅದಕ್ಕೆ.

ಎರಡೂ ಸೋವಿಯತ್ ಕಾಲದ ಹಳೇ ಫಿಲ್ಮ್ ಕ್ಯಾಮೆರಾ, ಜೆನಿತ್-ಇ. ಬ್ಯಾಟರಿ ಬೇಡ, ಮುಂದೆ 58 ಮಿ.ಮೀ. ಲೆನ್ಸು, ಗುಂಡಿಯಲ್ಲಿ, ಅದನ್ನು ದೂರದಿಂದ ಒತ್ತುವ ಕೇಬಲ್ ತಿರುಗಿಸಿ ಕೂರಿಸಲು ತೂತು. ಗೋಕುಲ ರಸ್ತೆಯ ಲೇಥ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿಗೆ ತೂತು ಹೊಡೆಸಿ ಅಕ್ಕಪಕ್ಕ ಬಿಗಿದೆ. ಒಂದನ್ನು ತಲೆಕೆಳಗಾಗಿ ಕೂರಿಸಿದ್ದರೆ ಲೆನ್ಸುಗಳು ಹತ್ತಿರ ಬರುತ್ತಿದ್ದವು. ಆದರೆ ಫಿಲ್ಮಿಗೆ ಕ್ಷಣಮಾತ್ರ ಬೆಳಕು ಬಿಡುವ ಶಟರ್ ಇವುಗಳಲ್ಲಿ ಬಟ್ಟೆಯ ಪರದೆ, ಅಡ್ಡಡ್ಡ ಓಡುತ್ತದೆ. ತಲೆಕೆಳಗಾದರೆ ಒಂದು ಹೀಗೆ, ಇನ್ನೊಂದು ಹಾಗೆ ಓಡಿ ಕ್ಷಣ ತಪ್ಪುತ್ತದೆ. ಹಾಗಾಗಿ ಲೆನ್ಸುಗಳ ನಡುವೆ 14 ಸೆಂಟಿಮೀಟರ್ ಉಳಿಯಿತು. ಹತ್ತಿರದ ವಸ್ತು ಇದರ ಮೂವತ್ತು ಪಟ್ಟು ದೂರ ಇರಬೇಕೆಂಬುದು ಹಳೇ ಲೆಕ್ಕ. ನಾಲ್ಕು ಮೀಟರಿಗಿಂತ ಹತ್ತಿರ ನಾನು ಹೋಗುವುದಿಲ್ಲ. ಲೆನ್ಸುಗಳು ಸಮಾನಾಂತರ ಇವೆಯೋ ಎಂದು ನೋಡಲು ಹಿಂದಿನ ಬಾಗಿಲು ತೆಗೆದು, ಫಿಲ್ಮಿನ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಹಚ್ಚಿ, ದೂರದ ನೀರಿನ ಟಾಕಿ ಎರಡರಲ್ಲೂ ಒಂದೇ ಜಾಗದಲ್ಲಿ ಬೀಳುವ ತನಕ ತಿರುಗಿಸಿದೆ.

ಮೊದಲ ಸುಗ್ಗಿಯಲ್ಲಿ ಎಲ್ಲ ಕೆಟ್ಟಿತು. ಎರಡು ಕೇಬಲ್ಲನ್ನು ಒಂದೇ ಹಿಡಿಕೆಯಿಂದ ಒತ್ತಿದ್ದೆ. ರೀಲು ತೊಳೆದು ನೋಡಿದರೆ ಅತ್ತಿಯ ಮುಖ, ಬುಟ್ಟಿ, ಹಿಂದಿನ ಬೇಲಿ ಎಲ್ಲ ಚೆಂದ ಕೂಡಿವೆ. ಕಾಳು ಮಾತ್ರ ಒಂದೂ ಜೊತೆಗೂಡಲಿಲ್ಲ. ನೋಡುತ್ತಿದ್ದಂತೆ ಹಣೆ ನೋಯತೊಡಗಿತು. ಇನ್ನೊಂದು ಸಲ ತೂರಲು ಹೇಳೋಣವೆಂದರೆ ರಾಶಿ ಮುಗಿದಿತ್ತು. "ಗಾಳಿ ಏನ್ ನಿನ್ನ ಕ್ಯಾಮೆರಾದ ದಾರಿ ಕಾಯತೈತೇನೋ?" ಅಂದ ಮಾವ.

ಎಷ್ಟು ತಪ್ಪಿದೆ ಎಂದು ಅಳೆಯುವ ದಾರಿ ಆ ಕಾಳಿನಿಂದಲೇ ಹೊಳೆಯಿತು. ಗೋಡೆಗೆ ಅಳತೆ ಟೇಪು ಅಂಟಿಸಿ ಅದರ ಪಕ್ಕ ರಬ್ಬರ್ ಚೆಂಡು ಬಿಟ್ಟೆ. ಅರ್ಧ ಮೀಟರ್ ಬಿದ್ದ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಎರಡು ಚಿತ್ರದ ನಡುವೆ 3 ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಶಟರ್‌ಗಳು ಸೆಕೆಂಡಿನ ನೂರನೇ ಒಂದು ಭಾಗ ಹಿಂದುಮುಂದು ಎಂದರ್ಥ. ನನ್ನ ಎಡ ಚಿತ್ರದಲ್ಲಿ ಚೆಂಡು 50ರ ಗೆರೆಯ ಮೇಲಿತ್ತು, ಬಲದಲ್ಲಿ 70ರ ಮೇಲೆ!

ಒಂದು ಕೇಬಲ್ಲಿನ ಸೂಜಿ ಇನ್ನೊಂದಕ್ಕಿಂತ ಮೊದಲು ಹೊರಬರುತ್ತಿತ್ತು. ಹಿಡಿಕೆಯಲ್ಲಿ ಒಂದೊಂದು ಕೇಬಲ್ಲಿಗೂ ಒಂದು ಸಣ್ಣ ಸ್ಕ್ರೂ ಹಾಕಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಫಿಲ್ಮಿಲ್ಲದೆ, ಕಾಲು ಸುತ್ತು ತಿರುಗಿಸುವುದು, ಒತ್ತುವುದು, ಕೇಳುವುದು. ಟಕ್-ಟಕ್ ಎನ್ನುತ್ತಿದ್ದದ್ದು ನಾಲ್ಕನೇ ರಾತ್ರಿ ಒಂದೇ 'ಟಕ್' ಆಯಿತು. ಮತ್ತೆ ಚೆಂಡು ಬಿಟ್ಟು ನೋಡಿದರೆ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್.

ಮರುವರ್ಷ ಶಟರ್ 500ಕ್ಕೆ, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ, ಇಟ್ಟು ತೆಗೆದೆ. ಎರಡೂ ರೀಲು ಒಂದೇ ಟ್ಯಾಂಕಿನಲ್ಲಿ ಒಟ್ಟಿಗೇ ತೊಳೆದೆ, ಕಪ್ಪು-ಬಿಳುಪು ಎರಡರಲ್ಲೂ ಒಂದೇ ಹದಕ್ಕೆ ಬರಲೆಂದು. ಕೆಳಗೆ, ರಾಶಿಯ ಸಮೀಪ, ಕಾಳಿನ ವೇಗ ಹೆಚ್ಚು; ಅಲ್ಲಿ ಈಗಲೂ ಕೆಲವು ಜೊತೆ ತಪ್ಪುತ್ತವೆ. ಬುಟ್ಟಿಯ ಅಂಚಿನಿಂದ ಆಗತಾನೆ ಬಿಟ್ಟ ಕಾಳು ಮಾತ್ರ ಒಂದೊಂದೂ ತನ್ನ ಜಾಗದಲ್ಲಿದೆ. ಹೊಟ್ಟು ಹಗುರ, ಮೆಲ್ಲಗೆ ಸಾಗುತ್ತದೆ, ಹಾಗಾಗಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ: ಒಂದು ಎಳೆ ಅತ್ತಿಯ ಮೊಣಕೈಗಿಂತ ಈಚೆ, ಇನ್ನೊಂದು ಅವಳ ಸೆರಗಿನ ಹಿಂದೆ, ಮತ್ತೊಂದು ಬೇಲಿಗೂ ಅವಳಿಗೂ ನಡುವೆ.