ಚಿರೆಕಲ್ಲಿನ ಮನೆಯಲ್ಲಿ ಎರಡನೇ ರೂಟರ್

ಗೋವಾದ ಚಿಕಾಲಿಂನ ಆ ಮನೆ ಹಳೆಯದು, ಉದ್ದಕ್ಕೆ ಕಟ್ಟಿದ್ದು. ಮುಂದೆ ಬಾಲ್ಕಾವ್, ಅಂದರೆ ಮುಂಜಗಲಿ, ಅದರ ಹಿಂದೆ ಪಡಸಾಲೆ, ನಡುಕೋಣೆ, ಅಡುಗೆಮನೆ, ಕೊನೆಗೆ ಹಿತ್ತಿಲ ಕಡೆಯ ಕೋಣೆ. ಗೋಡೆಯೆಲ್ಲ ಚಿರೆಕಲ್ಲು, ಅಂದರೆ ನಮ್ಮ ಜಂಬಿಟ್ಟಿಗೆ. ದಪ್ಪ ಒಂದಡಿಗೂ ತುಸು ಹೆಚ್ಚು. ಬಾಡಿಗೆಗಿದ್ದವರು ಹಾವೇರಿ ಕಡೆಯವರು. ಮುಖ್ಯ ರೂಟರೂ ಆಗಿರುವ ಫೈಬರ್ ಡಬ್ಬಿ ಪಡಸಾಲೆಯಲ್ಲಿ, ಮಗಳ ಆಫೀಸ್ ಕೆಲಸ ಹಿತ್ತಿಲ ಕೋಣೆಯಲ್ಲಿ. ಮೀಟಿಂಗ್ ನಡುವೆ ಧ್ವನಿ ಕತ್ತರಿಸುತ್ತಿತ್ತು. "ಕಡ್ಡಿ ಪೂರ್ತಿ ಅದಾವ್ರೀ, ನೆಟ್ ಮಾತ್ರ ಬರವಲ್ದು" ಅಂದರು ತಾಯಿ, ಸರಿಪಡಿಸಲು ಹೋದ ನಮ್ಮೊಡನೆ. ಏನು ಕೆಟ್ಟಿದೆ ಎಂಬುದು ಆ ಮಾತಿನಲ್ಲೇ ಇತ್ತು.

ಅಡುಗೆಮನೆಯ ಪ್ಲಗ್ಗಿಗೆ ಒಂದು ಪುಟ್ಟ ರಿಪೀಟರ್, ಅಂದರೆ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ಸಿಕ್ಕಿಸಿದ್ದರು. ಫೋನಿನಲ್ಲಿ ಕಾಣುವ ಕಡ್ಡಿ ಫೋನಿಗೂ ರಿಪೀಟರಿಗೂ ನಡುವಿನ ಲೆಕ್ಕ. ರಿಪೀಟರಿಗೆ ಪಡಸಾಲೆಯಿಂದ ಎಷ್ಟು ಬರುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ವೈಫೈ ಅನಲೈಸರ್ ಆ್ಯಪ್ ಹಿಡಿದು ರಿಪೀಟರ್ ಕಿತ್ತು ನಡೆದಾಗ ಪಡಸಾಲೆಯಲ್ಲಿ ಮೈನಸ್ 38, ನಡುಕೋಣೆಯಲ್ಲಿ ಮೈನಸ್ 57, ಅಡುಗೆಮನೆಯಲ್ಲಿ ಮೈನಸ್ 74, ಹಿತ್ತಿಲ ಕೋಣೆಯಲ್ಲಿ ಮೈನಸ್ 86. ಇದು ಸಿಗ್ನಲ್ ಬಲದ ಅಳತೆ (ಡಿಬಿಎಂ); ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ವೈಫೈಯ ಎರಡು ಬ್ಯಾಂಡುಗಳಲ್ಲಿ 2.4 ಗಿಗಾಹರ್ಟ್ಸ್‌ನ ಲೆಕ್ಕ. 5 ಗಿಗಾಹರ್ಟ್ಸ್ ಅಡುಗೆಮನೆ ತಲುಪುವಷ್ಟರಲ್ಲೇ ಸತ್ತುಹೋಗಿತ್ತು. ವಿಡಿಯೊ ಕಾಲ್ ಅಡೆತಡೆಯಿಲ್ಲದೆ ನಡೆಯಬೇಕಾದರೆ ಮೈನಸ್ 67ರ ಆಸುಪಾಸಾದರೂ ಬೇಕು. ಮೈನಸ್ 74 ಬರುವ ಜಾಗದಲ್ಲಿ ರಿಪೀಟರ್ ಇಟ್ಟರೆ ಅದು ಆ ಹರಕು ಸಿಗ್ನಲ್ಲನ್ನೇ ಗಟ್ಟಿಯಾಗಿ ಕೂಗಿ ಹೇಳುತ್ತದೆ, ಅಷ್ಟೆ. ಜೊತೆಗೆ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಚಿರೆಕಲ್ಲು ನೀರು ಕುಡಿದಿರುತ್ತದೆ, ಒದ್ದೆ ಗೋಡೆ ಇನ್ನಷ್ಟು ನುಂಗುತ್ತದೆ. ಒಂದೇ ವೈಫೈಯನ್ನು ಹಲವು ಡಬ್ಬಿಗಳಿಂದ ಹರಡುವ ಮೆಶ್ ಸೆಟ್ ತಂದರೂ ಡಬ್ಬಿಗಳು ಗಾಳಿಯಲ್ಲೇ ಮಾತಾಡುವುದಾದರೆ ಇದೇ ಗೋಡೆ ಅಡ್ಡ ಬರುತ್ತದೆ. ಇಂಥ ಮನೆಗೆ ಪಡಸಾಲೆಯಿಂದ ಹಿತ್ತಿಲ ಕೋಣೆಗೆ ಕೇಬಲ್ ಎಳೆದು, ಅದರ ತುದಿಗೆ ಎರಡನೇ ರೂಟರ್ ಇಡಲೇಬೇಕು.

ಗೋಡೆ ಕೊರೆಯುವುದಕ್ಕೆ ಮನೆ ಮಾಲೀಕರು ಒಪ್ಪಿರಲಿಲ್ಲ. ಕೊರೆಯುವ ಅಗತ್ಯವೂ ಬೀಳಲಿಲ್ಲ. ಮಂಗಳೂರು ಹೆಂಚಿನ ಮನೆ, ಒಳಗೋಡೆಗಳು ಮಾಡಿನ ತುದಿ ಮುಟ್ಟಿರಲಿಲ್ಲ. ಗೋಡೆಯ ತಲೆಗೂ ಪಕಾಸಿಗೂ ನಡುವೆ ಒಂದು ಗೇಣು ಜಾಗ. ಕೇಬಲ್ ಅಲ್ಲಿಂದಲೇ ಹಾಯಿತು. ಅಳೆದದ್ದು 32 ಮೀಟರ್, ತಂದದ್ದು 40. ಎರಡೂ ತುದಿಗೆ ಒಂದೊಂದು ಮೀಟರ್ ಸುತ್ತಿಟ್ಟರೆ ಮುಂದೆ ಕೇಬಲ್ ತುದಿಯ ಪ್ಲಗ್ ಹಾಳಾದರೂ ಕತ್ತರಿಸಿ ಹೊಸದು ಹಾಕಬಹುದು. ನೆಟ್‌ವರ್ಕಿನ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಒಯ್ಯುತ್ತದೆ, ಉದ್ದದ ಚಿಂತೆ ಇಲ್ಲ. ಚಿಂತೆ ಇರುವುದು ತಂತಿಯ ಗುಣದ್ದು. ಅಂಗಡಿಯಲ್ಲಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಎರಡು ಸಲ ಬಗ್ಗಿಸಿದರೆ ಮುರಿಯುವಂಥದ್ದು. ಅದನ್ನು ಅಗ್ಗಕ್ಕೆ ಕೊಟ್ಟರೂ ಬೇಡ. ಮಾಡಿನಲ್ಲಿ ಇಲಿ ಓಡಾಡುವುದರಿಂದ ಕೇಬಲನ್ನು 20 ಮಿಲಿಮೀಟರ್ ಪಿವಿಸಿ ಪೈಪಿನೊಳಗೆ ತೂರಿಸಿದೆವು. ಕರೆಂಟ್ ವೈರಿನಿಂದ ಒಂದಡಿ ದೂರ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿದ್ದು, ಜೊತೆಜೊತೆಗೆ ಓಡಿಸಿಲ್ಲ. ಹೊರಗೋಡೆಗುಂಟ ತಂದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಗೋವಾದ ಮಿಂಚು-ಗುಡುಗಿಗೆ ಹೊರಗಿನ ಉದ್ದ ತಂತಿ ಒಡ್ಡುವುದು ಒಳ್ಳೆಯದಲ್ಲ.

ಪ್ಲಗ್ ಹಾಕುವಾಗ ಹೊರಸಿಪ್ಪೆ ಒಂದಿಂಚು ಸುಲಿದು, ಜೋಡಿಗಳನ್ನು ಬಿಡಿಸಿ ಬಣ್ಣ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್ಗಿನ ಕೊಕ್ಕೆ ಕೆಳಗೆ, ಚಿನ್ನದ ಹಲ್ಲು ಮೇಲೆ, ಎಡದಿಂದ ಎಣಿಕೆ. ತುದಿಗಳನ್ನು ಸಮನಾಗಿ ಕತ್ತರಿಸಿ, ಅರ್ಧ ಇಂಚಿಗಿಂತ ಹೆಚ್ಚು ಹುರಿ ಬಿಚ್ಚದೆ, ಎಂಟೂ ಎಳೆ ಪ್ಲಗ್ಗಿನ ಮೂತಿಗೆ ತಾಗುವವರೆಗೆ ತಳ್ಳಿ ಕ್ರಿಂಪ್ ಮಾಡಬೇಕು, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಬೇಕು. ಹೊರಸಿಪ್ಪೆಯೂ ಪ್ಲಗ್ಗಿನ ಒಳಗೆ ಸಿಕ್ಕಿರಬೇಕು, ಇಲ್ಲವಾದರೆ ಎಳೆದಾಗ ಭಾರವೆಲ್ಲ ಎಳೆಗಳ ಮೇಲೆ ಬೀಳುತ್ತದೆ.

ಇಲ್ಲೇ ಒಂದು ತಪ್ಪಾಯಿತು. ಕೇಬಲ್ ಜೋಡಿಸಿ ಲ್ಯಾಪ್‌ಟಾಪಿನಲ್ಲಿ ಸ್ಪೀಡ್ ನೋಡಿದರೆ 93 ಎಂಬಿಪಿಎಸ್. ಮತ್ತೆ ನೋಡಿದರೆ 94. ಅವರ ಪ್ಲಾನ್ 150ರದ್ದು, ಪಡಸಾಲೆಯಲ್ಲಿ ಅಷ್ಟೂ ಬರುತ್ತಿತ್ತು. 93-94ಕ್ಕೆ ಬಂದು ಅಲುಗದೆ ನಿಂತರೆ ಕೊಂಡಿ ಗಿಗಾಬಿಟ್ ಬಿಟ್ಟು 100ಕ್ಕೆ ಇಳಿದಿದೆ ಎಂದೇ ತಿಳಿಯಬೇಕು. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, 100ಕ್ಕೆ ನಾಲ್ಕು ಸಾಕು. ಅದಕ್ಕೇ ಉಳಿದ ನಾಲ್ಕರಲ್ಲಿ ಒಂದು ಎಳೆ ಕೈಕೊಟ್ಟರೂ ನೆಟ್ ನಡೆಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಳೆಗೊಂದು ದೀಪವಿರುವ ಕೇಬಲ್ ಟೆಸ್ಟರ್ ಹಚ್ಚಿದಾಗ 1, 2, 3 ದೀಪ ಹತ್ತಿ, 4 ಕತ್ತಲು, ಮತ್ತೆ 5ರಿಂದ 8. ಬೆಳಕಿಗೆ ಹಿಡಿದು ನೋಡಿದರೆ ನೀಲಿ ಎಳೆ ಕೂದಲೆಳೆಯಷ್ಟು ಹಿಂದೆ ಉಳಿದಿತ್ತು. ಕತ್ತರಿಸಿ ಹೊಸ ಪ್ಲಗ್ ಹಾಕಿದ ಮೇಲೆ ಕೊಂಡಿ 1000ಕ್ಕೆ ಏರಿತು. ಪ್ಲಗ್ ಯಾವಾಗಲೂ ಹತ್ತು ಕೊಳ್ಳಬೇಕು, ಎರಡೇ ಸಾಕು ಅನ್ನಬಾರದು. ಎರಡನೇ ರೂಟರಿನ ಪೋರ್ಟ್ ಕೂಡ ಗಿಗಾಬಿಟ್ ಇರಬೇಕು. ಅಗ್ಗದ ಹಳೆಯ 300 ಎಂಬಿಪಿಎಸ್ ರೂಟರುಗಳಲ್ಲಿ ಪೋರ್ಟ್ ಸಾಮಾನ್ಯವಾಗಿ 100ರದ್ದೇ.

ಎರಡನೇ ರೂಟರನ್ನು ಕೇಬಲಿಗೆ ಹಚ್ಚುವ ಮೊದಲು ಒಂಟಿಯಾಗಿ ಸಜ್ಜು ಮಾಡಬೇಕು. ಎರಡರ ವಿಳಾಸವೂ 192.168.1.1 ಆಗಿದ್ದರೆ ಮನೆಯ ನೆಟ್ ಪೂರ್ತಿ ಗೊಂದಲವಾಗುತ್ತದೆ. ಲ್ಯಾಪ್‌ಟಾಪಿಗೆ ನೇರ ತಂತಿ ಹಚ್ಚಿ ಎರಡನೇ ರೂಟರಿನ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು 192.168.1.2 ಮಾಡಿದೆವು. ಮುಖ್ಯ ರೂಟರ್ ಹಂಚುವ ವಿಳಾಸಗಳ ಕೊನೆಯ ಅಂಕಿಯನ್ನು 100ರಿಂದ 200ಕ್ಕೆ ಸೀಮಿತ ಮಾಡಿದ್ದರಿಂದ 2 ಇನ್ಯಾರಿಗೂ ಹೋಗುವುದಿಲ್ಲ. ಆಮೇಲೆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ವೈಫೈ ಹೊಂದಿಸಿ, ಕಟ್ಟಕಡೆಗೆ ಡಿಎಚ್‌ಸಿಪಿ, ಅಂದರೆ ಫೋನು-ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ, ಆಫ್. ಅದನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ರೂಟರ್ ಪುಟವೇ ತೆರೆಯುವುದಿಲ್ಲ. ಆಫ್ ಮಾಡುವುದನ್ನೇ ಮರೆತರೆ ಇನ್ನೂ ಕೆಟ್ಟದು. ಕೆಲವು ಫೋನುಗಳು ಎರಡನೇ ರೂಟರನ್ನೇ ಹೊರಬಾಗಿಲು ಎಂದು ನಂಬುತ್ತವೆ, ಅಲ್ಲಿಂದ ಹೊರಗೆ ದಾರಿಯಿಲ್ಲ. ಇವತ್ತು ಒಂದು ಫೋನಿಗೆ ನೆಟ್ ಇಲ್ಲ, ನಾಳೆ ಇನ್ನೊಂದಕ್ಕೆ. ಈ ಬೆಪ್ಪುಹಿಡಿಸುವ ಕಾಟಕ್ಕೆ ಹತ್ತರಲ್ಲಿ ಒಂಬತ್ತು ಸಲ ಡಿಎಚ್‌ಸಿಪಿಯೇ ಕಾರಣ ಎಂಬುದು ನಮ್ಮ ಅನುಭವ. ಪಡಸಾಲೆಯಿಂದ ಬಂದ ತಂತಿ ಲ್ಯಾನ್ ಪೋರ್ಟಿಗೆ ಹೋಗಬೇಕು, ಹೊರಗಿನ ನೆಟ್‌ಗೆಂದು ಇರುವ ವ್ಯಾನ್ ಪೋರ್ಟಿಗಲ್ಲ. ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಇದೆಲ್ಲ ಒಂದೇ ಗುಂಡಿಯಲ್ಲಿ ಮುಗಿಯುತ್ತದೆ, ಇವರದ್ದರಲ್ಲಿ ಇರಲಿಲ್ಲ.

ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಎರಡರಲ್ಲೂ ಅಕ್ಷರಶಃ ಒಂದೇ. ಹಳೆಯ ಪ್ರಿಂಟರ್ ಇದ್ದುದರಿಂದ ಡಬ್ಲ್ಯುಪಿಎ 2 ಸಾಕೆಂದೆವು. ಚಾನಲ್ ಮಾತ್ರ ಬೇರೆ ಬೇರೆ: 2.4ರಲ್ಲಿ ಪಡಸಾಲೆಯ ರೂಟರಿಗೆ 1, ಹಿತ್ತಿಲ ಕೋಣೆಯದ್ದಕ್ಕೆ 11, ಅಗಲ 20 ಮೆಗಾಹರ್ಟ್ಸ್. 5ರಲ್ಲಿ 36 ಮತ್ತು 149. ನಡುವಿನ 52ರಿಂದ 144ರವರೆಗಿನ ಚಾನಲ್‌ಗಳನ್ನು ರೇಡಾರ್ ಜೊತೆ ಹಂಚಿಕೊಳ್ಳಬೇಕು. ರೇಡಾರ್ ಕೇಳಿಸಿತೆಂದರೆ ರೂಟರ್ ತಕ್ಷಣ ಜಾಗ ಬಿಡುತ್ತದೆ, ಹೊಸ ಜಾಗವೂ ಅಂಥದ್ದೇ ಆದರೆ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡ ಮೇಲೇ ಮಾತು. ದಾಬೋಳಿ ವಿಮಾನ ನಿಲ್ದಾಣ, ನೌಕಾಪಡೆಯ ನೆಲೆ ಇಷ್ಟು ಹತ್ತಿರವಿರುವಾಗ ಅವುಗಳ ಗೊಡವೆ ಬೇಡವೆನಿಸಿತು.

ಹೆಸರು ಒಂದೇ ಆದರೂ ಯಾವ ರೂಟರಿಗೆ ಅಂಟಬೇಕೆಂದು ನಿರ್ಧರಿಸುವುದು ಫೋನ್. ಪಡಸಾಲೆಯದ್ದನ್ನು ಹಿಡಿದ ಫೋನ್ ನಡುಕೋಣೆಯವರೆಗೂ ಬಿಡಲೊಲ್ಲದು. ಪಡಸಾಲೆಯ ರೂಟರಿನ 2.4 ಪವರನ್ನು ಹೈನಿಂದ ಮೀಡಿಯಂಗೆ ಇಳಿಸಿದ ಮೇಲೆ ಫೋನ್ ಅಡುಗೆಮನೆ ಬಾಗಿಲಲ್ಲೇ ಬದಲಾಯಿಸತೊಡಗಿತು. ಹಿತ್ತಿಲ ಕೋಣೆಯದ್ದನ್ನು ಮೊದಲು ಉಕ್ಕಿನ ಬೀರುವಿನ ಮೇಲೆ ಇಟ್ಟಿದ್ದರು. ಎದುರುಗೋಡೆಗೆ ಆರಡಿ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದೆವು. ಮೇಜಿನ ಬಳಿ ಮೈನಸ್ 41.

ಕರೆಂಟ್ ಹೋಗುವ ಊರು, ಎರಡೂ ಕಡೆ ಮಿನಿ ಯುಪಿಎಸ್, ಅಂದರೆ ರೂಟರಿಗೆ ಕರೆಂಟ್ ಕೊಡುವ ಪುಟ್ಟ ಬ್ಯಾಟರಿ, ಬೇಕಾಯಿತು. ಒಂದೇ ಹಾಕಿದರೆ ಇನ್ನೊಂದು ತುದಿ ಸಾಯುತ್ತದೆ. ಫೈಬರ್ ಡಬ್ಬಿ 12 ವೋಲ್ಟಿನದು, ಹಿಂದಿನ ರೂಟರ್ 9ರದ್ದು. ಪಿನ್ ಎರಡಕ್ಕೂ ಕೂರುತ್ತದೆ, 12 ಕೊಟ್ಟರೆ 9ರದ್ದು ಸುಡಬಹುದು. ಹಿಂಬದಿಯ ಚೀಟಿ ಓದಿಯೇ ಚುಚ್ಚಬೇಕು.

ಸಂಜೆ ಹಿತ್ತಿಲ ಕೋಣೆಯಿಂದ ಪಡಸಾಲೆಯ 192.168.1.1ಕ್ಕೆ 500 ಪಿಂಗ್, ಅಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ, ಬಿಟ್ಟೆವು. ಒಂದೂ ಕಳೆಯಲಿಲ್ಲ, ಹೆಚ್ಚಿನವು 2ರಿಂದ 4 ಮಿಲಿಸೆಕೆಂಡಿನೊಳಗೆ ಬಂದವು. ಆ ಹೊತ್ತಿಗೆ ತಾಯಿ ಅಡುಗೆಮನೆಯ ರಿಪೀಟರನ್ನು ಕಿತ್ತು ಪೆಟ್ಟಿಗೆಗೆ ಹಾಕಿದ್ದರು. ಹಿಂದಿನ ರೂಟರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ಬಂದೆವು: "192.168.1.2. ತಂತಿ ಲ್ಯಾನ್ ಪೋರ್ಟಿಗೆ ಮಾತ್ರ. 9 ವೋಲ್ಟ್. ರೀಸೆಟ್ ಒತ್ತಬೇಡಿ."