ಕೊನೆಗೆ ಕಂಪ್ಯೂಟರಿಗೇ ಹಾಕೋದಾದ್ರೆ ಫಿಲ್ಮ್ ಯಾಕೆ?

"ಕೊನೆಗೆ ಕಂಪ್ಯೂಟರಿಗೇ ತಾನೆ ಹಾಕೋದು? ಫೋನಲ್ಲೇ ತೆಗೆದ್ರೆ ಆಗಲ್ವಾ?" ನನ್ನ ಕೈಯಲ್ಲಿ ಹೋಲ್ಗಾ ಅನ್ನುವ ಫಿಲ್ಮ್ ಕ್ಯಾಮೆರಾ ಕಂಡವರೆಲ್ಲ ಇದನ್ನು ಕೇಳುತ್ತಾರೆ. ಎಲ್ಲರಿಗಿಂತ ಜಾಸ್ತಿ ಕೇಳಿದವರು ನಮ್ಮ ಭಾವ. ಇಷ್ಟು ದಿನ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ.

ಹೋಲ್ಗಾ ಅಂದರೆ 1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಪ್ಲಾಸ್ಟಿಕ್ ಡಬ್ಬಿ. ನನ್ನದರಲ್ಲಿ ಲೆನ್ಸೂ ಪ್ಲಾಸ್ಟಿಕ್ಕೇ. ಹಾಕುವುದು 120 ಅನ್ನುವ ಅಗಲದ ಫಿಲ್ಮ್, ಒಂದು ರೋಲಿಗೆ 12 ಚೌಕ ಫೋಟೋ. ಫೋಕಸ್ ಮಾಡಲು ಲೆನ್ಸಿನ ಮೇಲೆ ನಾಲ್ಕು ಚಿತ್ರ ಇವೆ: ಒಬ್ಬ ಮನುಷ್ಯ, ಸಣ್ಣ ಸಂಸಾರ, ದೊಡ್ಡ ಗುಂಪು, ಬೆಟ್ಟ. ಬಿಸಿಲು, ಮೋಡ ಅಂತ ಒಂದು ಸ್ವಿಚ್ಚೂ ಇದೆ. ಹಳೆಯ ಹೋಲ್ಗಾಗಳಲ್ಲಿ ಅದನ್ನು ಎತ್ತ ತಿರುಗಿಸಿದರೂ ಒಳಗೆ ಬೆಳಕು ಬರುವ ತೂತು ಅಷ್ಟೇ ಇರುತ್ತಿತ್ತು. ನನ್ನದೂ ಹಾಗೇ. ಸುಮ್ನೆ ಸಮಾಧಾನಕ್ಕೆ ತಿರುಗಿಸುತ್ತೇನೆ. ಹಿಂದಿನ ಮುಚ್ಚಳ ಬಿದ್ದುಹೋಗದಂತೆ ವೈರಿಗೆ ಸುತ್ತುವ ಕಪ್ಪು ಟೇಪ್ ಹಾಕಿದ್ದೇನೆ. ಫಿಲ್ಮ್ ಬಿಗಿಯಾಗಿ ಸುತ್ತಿಕೊಳ್ಳದಿದ್ದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಅದಕ್ಕೆ ಫಿಲ್ಮ್ ಸುತ್ತಿದ ಸ್ಪೂಲಿನ ಕೆಳಗೆ ಯಾರದೋ ಲಗ್ನಪತ್ರಿಕೆಯ ತುಂಡು ಮಡಚಿ ಇಟ್ಟಿದ್ದೇನೆ. ದಪ್ಪ ಕಾಗದ, ಚೆನ್ನಾಗಿ ಕೂತಿದೆ.

ಫಿಲ್ಮನ್ನು ನಾನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಲು ಶುರುಮಾಡಿದ್ದು ಸಿಟ್ಟಿನಿಂದ. ಒಮ್ಮೆ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಒಂದು ಕಪ್ಪು ಬಿಳುಪು ರೋಲ್ ಮುಗಿಸಿ, ತೊಳೆದು ಸ್ಕ್ಯಾನ್ ಮಾಡಿಕೊಡಲು ಲ್ಯಾಬಿಗೆ ಕೊಟ್ಟೆ. 12ರಲ್ಲಿ ಬಂದದ್ದು 10 ಮಾತ್ರ. "ಎರಡು ಒಂದರ ಮೇಲೊಂದು ಬಿದ್ದು ಹಾಳಾಗಿದೆ ಸರ್, ಬಿಟ್ಬಿಟ್ವಿ" ಅಂದರು. ಉಳಿದವುಗಳಲ್ಲಿ ಹೋಲ್ಗಾದ ಕತ್ತಲು ಮೂಲೆಗಳನ್ನು ಕತ್ತರಿಸಿ, ಕಾಂಟ್ರಾಸ್ಟ್ ಏರಿಸಿ, ಫೋನ್ ಫೋಟೋ ಥರಾನೇ ಮಾಡಿಕೊಟ್ಟಿದ್ದರು. ಭಾವನ ಪ್ರಶ್ನೆ ಅವತ್ತು ನನಗೂ ಸರಿ ಅನ್ನಿಸಿತು.

ಮನೆಗೆ ಬಂದು ನೆಗೆಟಿವನ್ನು ಕಿಟಕಿಗೆ ಹಿಡಿದೆ. ಲ್ಯಾಬಿನವರು ಬಿಟ್ಟ ಜಾಗದಲ್ಲಿ ಕಡಲೆಕಾಯಿಯ ರಾಶಿ ಇತ್ತು. ಅದರೊಳಗಿಂದ ಪಕ್ಕದ ಫ್ರೇಮಿನ ಹೆಂಗಸು ಸೇರು ಹಿಡಿದು ಎದ್ದು ಬರುತ್ತಿದ್ದಳು. ನಾನು ಫಿಲ್ಮನ್ನು ಪೂರ್ತಿ ತಿರುಗಿಸದೆ ಕ್ಲಿಕ್ಕಿಸಿದ್ದೆ, ತಪ್ಪು ನನ್ನದೇ. ಆದರೆ ಇಡೀ ರೋಲಿನಲ್ಲಿ ಪರಿಷೆಯ ನೂಕುನುಗ್ಗಲು ಇದ್ದದ್ದು ಅದೊಂದರಲ್ಲೇ.

ಆ ತಿಂಗಳೇ ಒಂದು ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಕೊಂಡೆ. ಮುಚ್ಚಳದಲ್ಲೂ ದೀಪ ಇರುವಂಥದ್ದು. ಅದಿಲ್ಲದ ಮಾಮೂಲಿ ಆಫೀಸ್ ಸ್ಕ್ಯಾನರಿನಲ್ಲಿ ನೆಗೆಟಿವ್ ಸರಿಯಾಗಿ ಬರುವುದಿಲ್ಲ, ಬೆಳಕು ಫಿಲ್ಮನ್ನು ಹಾದು ಬರಬೇಕು. ಸುರುಳಿಯಾದ ಫಿಲ್ಮನ್ನು ಎರಡು ದಿನ ನಿಘಂಟಿನ ಕೆಳಗೆ ಇಡುತ್ತೇನೆ. ನಿಘಂಟಿಗೆ ನಮ್ಮ ಮನೆಯಲ್ಲಿ ಈಗ ಇದೇ ಮುಖ್ಯ ಕೆಲಸ. ಫಿಲ್ಮ್ ಬಾಗಿ ಗಾಜಿಗೆ ತಾಗಿದರೆ, ನೀರಿನ ಮೇಲೆ ಎಣ್ಣೆ ಹರಡಿದಂತೆ ಉಂಗುರಗಳು ಮೂಡುತ್ತವೆ.

ಇನ್ನು ಧೂಳು. ಕೂದಲು ಗಾತ್ರದ್ದೂ ಪರದೆಯ ಮೇಲೆ ಹಗ್ಗದಷ್ಟು ಕಾಣುತ್ತದೆ. ಕೆಲವು ಸ್ಕ್ಯಾನರುಗಳು ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುತ್ತವೆ. ಕಲರ್ ನೆಗೆಟಿವಿಗೆ ಅದು ಸರಿ. ಮಾಮೂಲಿ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿ ಆ ಬೆಳಕನ್ನೂ ತಡೆಯುತ್ತದೆ, ಯಂತ್ರ ಚಿತ್ರವನ್ನೇ ಧೂಳು ಅಂದುಕೊಳ್ಳುತ್ತದೆ. ಹಾಗಾಗಿ ರಬ್ಬರ್ ಬುಗ್ಗೆಯಿಂದ ಗಾಳಿ ಊದುವುದೇ ಗತಿ. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಮಳೆ ಬಂದು ನಿಂತ ರಾತ್ರಿ, ಫ್ಯಾನ್ ಆರಿಸಿ ಕೂತರೆ ಧೂಳಿನ ಕಾಟ ಕಡಿಮೆ.

ರೆಸಲ್ಯೂಷನ್ನಿಗೆ ಆಸೆಪಡಬೇಡಿ. 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕೆಯಂತೆ, ಒಂದು ಚೌಕ ಫ್ರೇಮು ಸುಮಾರು 5300 ಪಿಕ್ಸೆಲ್ ಅಗಲ ಬರುತ್ತದೆ. ಪ್ಲಾಸ್ಟಿಕ್ ಲೆನ್ಸು ಕೊಟ್ಟದ್ದಕ್ಕೆ ಅದರರ್ಧ ಸಾಕು. ಮುಖ್ಯವಾಗಿ, ಆಟೊ ಅನ್ನುವುದನ್ನೆಲ್ಲ ಆಫ್ ಮಾಡಿ. ಸಾಫ್ಟ್‌ವೇರು ಆ ಲ್ಯಾಬಿನವರ ಅಣ್ಣ. ಫ್ರೇಮ್ ಎಲ್ಲಿ ಮುಗಿಯಿತು ಅಂತ ತಾನೇ ತೀರ್ಮಾನಿಸಿ ಕತ್ತರಿಸುತ್ತದೆ. ನಾನು ಇಡೀ ಫಿಲ್ಮ್ ಪಟ್ಟಿಯನ್ನು ಕೈಯಾರೆ ಗುರುತು ಮಾಡುತ್ತೇನೆ.

ಇಷ್ಟೆಲ್ಲ ಮಾಡಿಟ್ಟ ಸ್ಕ್ಯಾನುಗಳು ಒಂದು ದಿನ ಹಾರ್ಡ್ ಡಿಸ್ಕ್ ಜೊತೆಗೇ ಹೋದವು. ಆ ವರ್ಷದ ಫೋನ್ ಫೋಟೋಗಳೂ ಅದರಲ್ಲೇ ಇದ್ದವು. ಅವು ಹೋಗಿದ್ದು ಹೋದವು. ನೆಗೆಟಿವ್‌ಗಳು ಮಾತ್ರ ಬೀರುವಿನಲ್ಲಿದ್ದವು. ಎರಡು ವಾರ ಕೂತು ಮತ್ತೆ ಸ್ಕ್ಯಾನ್ ಮಾಡಿದೆ, ಬೈದುಕೊಂಡೇ. ಭಾವನಿಗೆ ಇದನ್ನೇ ಹೇಳಿದೆ. ಕಂಪ್ಯೂಟರಿನಲ್ಲಿ ಇರೋದು ಪ್ರತಿ, ಫೋಟೋ ಇರೋದು ಬೀರುವಿನಲ್ಲಿ ಅಂತ. ಅವರು ಏನೂ ಅನ್ನಲಿಲ್ಲ.

ಮುಂದಿನ ಸಲ ಬರುವಾಗ ಒಂದು ಹಳದಿ ಕವರ್ ತಂದರು. ಅವರ ತಂದೆ ಆಗ್ಫಾ ಕ್ಲಿಕ್ 3ರಲ್ಲಿ ತೆಗೆದ ನೆಗೆಟಿವ್‌ಗಳು. ಬರೋಡದಲ್ಲಿ ತಯಾರಾಗುತ್ತಿದ್ದ ಆ ಕ್ಯಾಮೆರಾಕ್ಕೂ 120 ಫಿಲ್ಮೇ, ರೋಲಿಗೆ ಹನ್ನೆರಡೇ ಫೋಟೋ. ಸ್ಕ್ಯಾನರಿನಲ್ಲಿ ಫಿಲ್ಮ್ ಹಿಡಿದಿಡುವ ನನ್ನ ಹೋಲ್ಡರಿನಲ್ಲಿ ಸರಿಯಾಗಿ ಕೂತವು. ಕೆಲವಕ್ಕೆ ಫಂಗಸ್ ಹಿಡಿದಿತ್ತು. ಒಂದರಲ್ಲಿ ಭಾವ, ನಾಲ್ಕೈದು ವರ್ಷದ ಹುಡುಗ, ಚಡ್ಡಿ ಎಳೆದುಕೊಳ್ಳುತ್ತಾ ನಿಂತಿದ್ದಾರೆ. ಬಲಗಡೆ ಅಂಚಿನಲ್ಲಿ ಅವರ ತಂದೆಯ ಬೆರಳು ಮಸುಕಾಗಿ ಅಡ್ಡ ಬಂದಿದೆ. ನಾನು ಅಭ್ಯಾಸಬಲದಿಂದ ಮೌಸನ್ನು ಆ ಕಡೆ ಒಯ್ದೆ.

"ಅದನ್ನ ಕತ್ತರಿಸಬೇಡ, ಇರಲಿ" ಅಂದರು ಭಾವ.